ಅಡಿಕೆಗೆ ಹೋದ ಮಾನ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬರುವ ರೈತನು ಮೊದಲು ನೋಡುವುದು ಹಲ್ಲನ್ನು, ಅನಂತರ ಗೊರಸನ್ನು, ಆಮೇಲೆ ಹತ್ತು ಹೆಜ್ಜೆ ನಡೆಸಿ ನಡಿಗೆಯನ್ನು. ನೊಗಕ್ಕೆ ಕೊರಳು ಕೊಡುತ್ತದೆಯೇ, ನಡುದಾರಿಯಲ್ಲಿ ಮಲಗಿಬಿಡುವ ಚಾಳಿ ಉಂಟೇ ಎಂದು ಸುತ್ತಮುತ್ತ ನಾಲ್ವರನ್ನು ವಿಚಾರಿಸುತ್ತಾನೆ. ಎಷ್ಟು ಮೇವು ತಿನ್ನುತ್ತದೆ ಎಂಬ ಮಾತು ಬಂದರೂ ಕಟ್ಟಕಡೆಗೆ ಬರುತ್ತದೆ. ಮೇವು ಕಡಿಮೆ ತಿನ್ನುವ ಎತ್ತು ಲಾಭದ್ದೇ ಹೌದು. ಆದರೆ ಉಳುವ ದಿನ ಏಳದ ಎತ್ತಿಗೆ ಹಾಕಿದ ಒಂದು ಹಿಡಿ ಮೇವೂ ದಂಡವೆಂಬುದನ್ನು ಅವನಿಗೆ ಯಾರೂ ಕಲಿಸಬೇಕಾಗಿಲ್ಲ.

ಎತ್ತಿನ ಸ್ಥಾನಕ್ಕೆ ಯಂತ್ರ ಬಂದ ಮೇಲೆ ಈ ಪ್ರಶ್ನೆಗಳ ಕ್ರಮ ಅದೇಕೋ ತಲೆಕೆಳಗಾಗಿದೆ. ಹಳೆಯ ಪಿಕಪ್ ಗಾಡಿಯೊಂದನ್ನು ಕೊಳ್ಳಲು ಹೊರಟವರ ಬಾಯಿಂದ ಹೊರಡುವ ಮೊದಲ ಮಾತು, "ಮೈಲೇಜು ಎಷ್ಟು ಕೊಡುತ್ತದೆ?" ಎಂಬುದು. ಮಾರುವವನೂ ಆ ಪ್ರಶ್ನೆಗೆ ಸಿದ್ಧನಾಗಿಯೇ ನಿಂತಿರುತ್ತಾನೆ. ಅವನ ಬಾಯಲ್ಲಿ ಬರುವ ಅಂಕಿಯಲ್ಲಿ ಎರಡು ಮೂರು ಕಿಲೋಮೀಟರುಗಳು ಅವನ ಔದಾರ್ಯಕ್ಕೆ ಸೇರಿದವೆಂದು ತಿಳಿದರೆ ತಪ್ಪಾಗಲಾರದು.

ಬೆಂಗಳೂರಿನ ಉತ್ತರ ದಿಕ್ಕಿನಲ್ಲಿರುವ ತಣಿಸಂದ್ರದಲ್ಲಿ ಈ ಪ್ರಶ್ನೆ ದಿನವೂ ಕೇಳಿಬರುವಂಥದು. 'ಸಂದ್ರ' ಎಂದರೆ ಸಮುದ್ರ. ಹಳೆಯ ಕಾಲದವರು ಕೆರೆಗೆ ಇಟ್ಟ ದೊಡ್ಡ ಹೆಸರು. ಕೆರೆ, ಹೊಲ, ತೋಟಗಳ ಹಳ್ಳಿಯಾಗಿದ್ದ ಈ ಊರನ್ನು ನಗರ ನುಂಗಿತು. ನಾಗವಾರದ ಹತ್ತಿರ ಹೊರವರ್ತುಲ ರಸ್ತೆಯನ್ನು ಬಿಟ್ಟು ಉತ್ತರಕ್ಕೆ ತಿರುಗಿದರೆ ಹೆಗಡೆ ನಗರದವರೆಗೂ ರಸ್ತೆಯ ಎರಡು ಬದಿಗೆ ಎತ್ತರದ ವಸತಿ ಸಮುಚ್ಚಯಗಳು, ಅವುಗಳ ಬುಡದಲ್ಲಿ ಅಂಗಡಿಗಳು. ಒಂದೊಂದು ಸಮುಚ್ಚಯದಲ್ಲಿ ಒಂದೊಂದು ಹಳ್ಳಿಯಷ್ಟು ಸಂಸಾರಗಳಿವೆ. ಆ ಸಂಸಾರಗಳಿಗೆ ತರಕಾರಿ ಬೇಕು, ಕುಡಿಯುವ ನೀರಿನ ಕ್ಯಾನು ಬೇಕು, ಮನೆ ಬದಲಾಯಿಸುವಾಗ ಸಾಮಾನು ಸಾಗಿಸಬೇಕು, ಮದುವೆ ಮುಂಜಿಗಳಿಗೆ ಶಾಮಿಯಾನ ಬೇಕು. ಇವೆಲ್ಲವನ್ನೂ ಹೊತ್ತು ತಿರುಗುವುದು ಪುಟ್ಟ ಪಿಕಪ್ ಗಾಡಿಗಳು. ಅವುಗಳಲ್ಲಿ ಬಹುಪಾಲು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಂದವು.

ಅಂಥ ಗಾಡಿಯೊಂದನ್ನು ಕೊಳ್ಳುವ ಹಣ ಸಾಮಾನ್ಯವಾಗಿ ಬ್ಯಾಂಕಿನಲ್ಲಿ ಬೆಳೆದ ಹಣವಲ್ಲ. ನಿವೃತ್ತನಾದ ತಂದೆಯ ಗ್ರಾಚ್ಯುಯಿಟಿಯೋ, ಅಡವಿಟ್ಟ ಬಳೆಯೋ, ಊರಿನ ಅರ್ಧ ಎಕರೆ ಮಾರಿದ ದುಡ್ಡೋ ಆಗಿರುತ್ತದೆ. ಆದುದರಿಂದ ನಂಬಿಕೆಯ ಗಾಡಿ ಮೇಲೋ, ಕಡಿಮೆ ಇಂಧನದ ಗಾಡಿ ಮೇಲೋ ಎಂಬ ಚರ್ಚೆ ಮೆಕ್ಯಾನಿಕ್ಕರ ಷೆಡ್ಡಿನಲ್ಲಿ ಮಾತ್ರ ನಡೆಯುವಂಥದಲ್ಲ. ಊಟದ ಮನೆಯಲ್ಲಿಯೂ ನಡೆಯುತ್ತದೆ.

ಮೈಲೇಜಿನ ಮಾತು ಮೊದಲು ಬರುವುದಕ್ಕೆ ಕಾರಣವಿಲ್ಲದೆ ಇಲ್ಲ. ಡೀಸೆಲಿನ ಖರ್ಚು ಕಣ್ಣಿಗೆ ಕಾಣುವ ಖರ್ಚು. ಬಂಕಿನಲ್ಲಿ ನಿಂತಾಗಲೆಲ್ಲ ಜೇಬಿನಿಂದ ನೋಟು ಹೊರಗೆ ಹೋಗುತ್ತದೆ, ಮನಸ್ಸು ಚುರುಕ್ಕೆನ್ನುತ್ತದೆ. ಗಾಡಿ ಕೈಕೊಡುವ ಖರ್ಚು ಹಾಗಲ್ಲ. ಅದು ತಿಂಗಳುಗಟ್ಟಲೆ ಮುಖವನ್ನೇ ತೋರಿಸದೆ ಇದ್ದು, ಒಂದು ದಿನ ಒಟ್ಟಿಗೆ ಬಂದು ಬಾಗಿಲು ತಟ್ಟುತ್ತದೆ. ದಿನವೂ ಕಚ್ಚುವ ಸೊಳ್ಳೆಗೆ ಪರದೆ ಕಟ್ಟುವ ಮನುಷ್ಯ, ಎಂದೋ ಬರಬಹುದಾದ ಕಳ್ಳನಿಗಾಗಿ ಬೀಗ ಕೊಳ್ಳಲು ಹಿಂದುಮುಂದು ನೋಡುವುದು ಲೋಕದ ರೀತಿ.

ನಮ್ಮ ದೇಶದ ರಸ್ತೆಗಳ ಮೇಲೆ ಈ ಎರಡು ಗುಣಗಳ ನಡುವೆ ಒಂದು ದೊಡ್ಡ ಪಂದ್ಯವೇ ನಡೆದುಹೋಗಿದೆ. 1980ರ ದಶಕದ ನಡುಭಾಗದಲ್ಲಿ ಜಪಾನಿನ ನಾಲ್ಕು ಸಂಸ್ಥೆಗಳು ಇಲ್ಲಿಯ ನಾಲ್ಕು ಸಂಸ್ಥೆಗಳೊಡನೆ ಕೈಜೋಡಿಸಿ ಹಗುರವಾದ ಲಾರಿಗಳನ್ನು ತಯಾರಿಸತೊಡಗಿದವು. ಡಿ.ಸಿ.ಎಂ. ಟೊಯೋಟ, ಸ್ವರಾಜ್ ಮಜ್ದಾ, ಆಲ್ವಿನ್ ನಿಸ್ಸಾನ್, ಐಷರ್ ಮಿತ್ಸುಬಿಷಿ ಎಂಬುವು ಆ ನಾಲ್ಕು. ನಯವಾದ ಎಂಜಿನ್, ಕಡಿಮೆ ಡೀಸೆಲ್, ಸುಖವಾದ ಕ್ಯಾಬಿನ್. ನೋಡಿದವರು ಮೆಚ್ಚುವಂಥ ಗಾಡಿಗಳು. 1986ರಲ್ಲಿ ಟಾಟಾದವರ 407 ಕಣಕ್ಕೆ ಇಳಿಯಿತು. ನೋಟದಲ್ಲಿಯಾಗಲಿ ನಯದಲ್ಲಿಯಾಗಲಿ ಅದು ಜಪಾನಿನವುಗಳ ಸಮಕ್ಕೆ ನಿಲ್ಲುವಂತಿರಲಿಲ್ಲ. ಆದರೆ ನಮ್ಮ ಹಳ್ಳದಿಣ್ಣೆಯ ರಸ್ತೆಗೂ, ಹೇಳಿದ್ದಕ್ಕಿಂತ ಹೆಚ್ಚು ಹೇರುವ ನಮ್ಮ ಅಭ್ಯಾಸಕ್ಕೂ ತಕ್ಕಂತೆ ಅದನ್ನು ಗಟ್ಟಿಯಾಗಿ ಕಟ್ಟಿದ್ದರು. ಅದರ ಬಿಡಿಭಾಗಗಳು ಇಲ್ಲಿಯೇ ತಯಾರಾಗುತ್ತಿದ್ದವು. ಅದೇ ಸಮಯದಲ್ಲಿ ಜಪಾನಿನ ಯೆನ್ ನಾಣ್ಯದ ಬೆಲೆ ಏರಿ, ಅಲ್ಲಿಂದ ತರಿಸುವ ಭಾಗಗಳು ದುಬಾರಿಯಾದವು.

ಪಂದ್ಯದ ಫಲ ಬೇಗನೆ ಗೊತ್ತಾಯಿತು. 407 ಮಾರುಕಟ್ಟೆಯ ದೊಡ್ಡ ಪಾಲನ್ನು ತನ್ನದಾಗಿಸಿಕೊಂಡಿತು. ಟೊಯೋಟದವರ ಕಾರ್ಖಾನೆ ಮುಂದೆ ಕೊರಿಯದ ಡೇವೂ ಸಂಸ್ಥೆಯ ಕೈಸೇರಿತು. ಬೀದರಿಗೆ ನೆರೆಯಾದ ಜಹೀರಾಬಾದಿನಲ್ಲಿದ್ದ ಆಲ್ವಿನ್ ನಿಸ್ಸಾನ್ ಕಾರ್ಖಾನೆ ಮಹೀಂದ್ರದವರ ಪಾಲಾಯಿತು. ಉಳಿದ ಇಬ್ಬರು ಹೇಗೋ ಬಾಳಿದರು. ಮಿತ್ಸುಬಿಷಿಯವರು ತಮ್ಮ ಲಾರಿಗೆ ಇಟ್ಟಿದ್ದ 'ಕ್ಯಾಂಟರ್' ಎಂಬ ಹೆಸರು ಇಂದಿಗೂ ಬೆಂಗಳೂರಿನಲ್ಲಿ ಆ ಗಾತ್ರದ ಯಾವ ಲಾರಿಗಾದರೂ ಸಲ್ಲುತ್ತದೆ.

ಆ ಪಂದ್ಯದಿಂದ ಕಲಿಯಬೇಕಾದುದು ಇಂಧನದ ಉಳಿತಾಯ ಬೇಡವೆಂಬ ಪಾಠವನ್ನಲ್ಲ. ನಂಬಿಕೆ ಎಂಬುದರಲ್ಲಿ ಎರಡು ಅಂಶಗಳಿವೆ ಎಂಬುದನ್ನು. ಒಂದು, ಗಾಡಿ ಕೆಡದೆ ಇರುವುದು. ಇನ್ನೊಂದು, ಕೆಟ್ಟರೆ ಬೇಗ ಸರಿಯಾಗುವುದು. ಎಂದೂ ಕೆಡದ ಯಂತ್ರವನ್ನು ಯಾರೂ ಇನ್ನೂ ಮಾಡಿಲ್ಲ. ಬೇಕಾದ ಭಾಗ ಜೆ.ಸಿ. ರಸ್ತೆಯ ಅಂಗಡಿಸಾಲಿನಲ್ಲಿ ಒಂದು ಗಂಟೆಯೊಳಗೆ ಸಿಕ್ಕುವಂಥ, ಹತ್ತಿರದ ಯಾವ ಮೆಕ್ಯಾನಿಕ್ಕಾದರೂ ಕಣ್ಣುಮುಚ್ಚಿ ಬಿಚ್ಚಿ ಜೋಡಿಸಬಲ್ಲಂಥ ಗಾಡಿಯನ್ನು ನಂಬಿಕೆಯ ಗಾಡಿ ಎನ್ನಬೇಕು. ಬಲು ಉತ್ತಮವೆನಿಸಿಕೊಂಡ, ಆದರೆ ತಯಾರಿಕೆ ನಿಂತುಹೋದ ಮಾದರಿಯೊಂದನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಂಡವನು, ಅದರ ಒಂದು ಭಾಗಕ್ಕಾಗಿ ಶಿವಾಜಿನಗರದ ಗುಜರಿ ಅಂಗಡಿಗಳನ್ನು ಸುತ್ತಬೇಕಾದೀತು.

2005ರಲ್ಲಿ ಟಾಟಾ ಏಸ್ ಬಂದ ಮೇಲೆ ಚಿಕ್ಕ ವ್ಯಾಪಾರಿಯ ಲೋಕವೇ ಬದಲಾಯಿತು. 702 ಸಿ.ಸಿ.ಯ, ಎರಡೇ ಸಿಲಿಂಡರಿನ ಡೀಸೆಲ್ ಎಂಜಿನ್. ಮುಕ್ಕಾಲು ಟನ್ನಿನ ಹೊರೆ. ಸಣ್ಣ ಗಲ್ಲಿಗೂ ನುಗ್ಗುವ ಮೈಕಟ್ಟು. ಉತ್ತರ ಭಾರತದವರು ಇದನ್ನು 'ಛೋಟಾ ಹಾಥಿ', ಅಂದರೆ ಪುಟ್ಟ ಆನೆ, ಎಂದು ಕರೆದರು. ಇದಕ್ಕಿಂತ ದೊಡ್ಡ ಹೊರೆಗೆ ಮಹೀಂದ್ರದವರ ಬೊಲೆರೊ ಪಿಕಪ್, 2011ರಿಂದ ಅಶೋಕ್ ಲೇಲ್ಯಾಂಡಿನ ದೋಸ್ತ್ ಮುಂತಾದವು ನಿಂತಿವೆ. ಹಳೆಯ ಗಾಡಿ ಕೊಳ್ಳುವವರ ಮುಂದೆ ಇಂದು ಇರುವ ಆಯ್ಕೆ ಬಹುಮಟ್ಟಿಗೆ ಇವುಗಳ ನಡುವಿನದು: ಕಡಿಮೆ ಕುಡಿಯುವ ಚಿಕ್ಕದೋ, ಹೆಚ್ಚು ಕುಡಿದರೂ ಹೆಚ್ಚು ಹೊರುವ ದೊಡ್ಡದೋ?

ತಣಿಸಂದ್ರದ ಒಂದು ಮನೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ತಂದೆ ನಿವೃತ್ತ ಉಪಾಧ್ಯಾಯರು. ಮಗನದು ಶಾಮಿಯಾನದ ಅಂಗಡಿ. ಇದುವರೆಗೆ ಬಾಡಿಗೆ ಗಾಡಿಯಲ್ಲಿ ಕೆಲಸ ಸಾಗಿಸುತ್ತಿದ್ದವನು ಈಗ ಸ್ವಂತ ಗಾಡಿ ಕೊಳ್ಳಬೇಕೆಂದಿದ್ದಾನೆ. ಎರಡು ಗಾಡಿಗಳನ್ನು ನೋಡಿ ಬಂದಿದ್ದಾನೆ. ಬೆಲೆಯಲ್ಲಿ ಹೆಚ್ಚಿನ ಅಂತರವಿಲ್ಲ. ಒಂದು ಚಿಕ್ಕದು, ಹೊಸ ಬಣ್ಣ ಬಳಿದದ್ದು, ಮೂರು ಕೈ ಬದಲಾಗಿ ಬಂದದ್ದು. ಇನ್ನೊಂದು ದೊಡ್ಡದು, ಬಣ್ಣ ಮಾಸಿದ್ದು, ಆದರೆ ಒಬ್ಬನೇ ಯಜಮಾನನ ಕೈಯಲ್ಲಿದ್ದು ಸರ್ವಿಸಿನ ಬಿಲ್ಲುಗಳೆಲ್ಲ ಜೋಪಾನವಾಗಿರುವಂಥದು.

"ಅಪ್ಪಾ, ಚಿಕ್ಕದು ಲೀಟರಿಗೆ ಹದಿನೈದು ಕೊಡುತ್ತದಂತೆ. ದೊಡ್ಡದು ಹನ್ನೆರಡರ ಮೇಲೆ ಹೋಗುವುದಿಲ್ಲ."

"ಹಾಗಾದರೆ ಯೋಚನೆ ಏನಪ್ಪಾ ಬಂತು? ಡೀಸೆಲ್ ಬೆಲೆ ಇಳಿಯುವ ಕಾಲ ಇದಲ್ಲ. ಚಿಕ್ಕದನ್ನೇ ಮುಗಿಸು."

ಅಂಗಡಿಯ ಲೆಕ್ಕ ಬರೆಯುವ ಸೊಸೆ ತಟ್ಟೆ ತೆಗೆಯುತ್ತಿದ್ದವಳು ನಿಂತು ಕೇಳಿದಳು: "ಮಾವ, ಗಾಡಿ ತಿಂಗಳಿಗೆ ಎಷ್ಟು ದೂರ ಓಡುತ್ತದೆ ಅಂತ ಯಾರೂ ಕೇಳಲೇ ಇಲ್ಲವಲ್ಲ?"

"ನೀನೇ ಹೇಳಮ್ಮ, ಪುಸ್ತಕ ನಿನ್ನ ಹತ್ತಿರ ತಾನೇ ಇರುವುದು?"

ಬಾಡಿಗೆ ಗಾಡಿಯ ರಸೀತಿಗಳನ್ನು ಕೂಡಿದಾಗ ತಿಂಗಳಿಗೆ ಸರಾಸರಿ 600 ಕಿಲೋಮೀಟರ್ ಎಂದಾಯಿತು. ನಾಗವಾರದ ಕಲ್ಯಾಣ ಮಂಟಪ, ಜಕ್ಕೂರಿನ ಗೃಹಪ್ರವೇಶ, ಯಲಹಂಕದ ನಾಮಕರಣ. ಶಾಮಿಯಾನದವನ ಪ್ರಪಂಚ ಅಷ್ಟರಲ್ಲೇ ಮುಗಿಯುತ್ತದೆ. ಡೀಸೆಲಿಗೆ ಲೀಟರಿಗೆ 90 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೆ, ಹನ್ನೆರಡು ಕೊಡುವ ಗಾಡಿಗೆ ತಿಂಗಳಿಗೆ 50 ಲೀಟರ್, 4,500 ರೂಪಾಯಿ. ಹದಿನೈದು ಕೊಡುವ ಗಾಡಿಗೆ 40 ಲೀಟರ್, 3,600 ರೂಪಾಯಿ. ಉಳಿತಾಯ ತಿಂಗಳಿಗೆ 900, ವರ್ಷಕ್ಕೆ 10,800.

ಈ ಹತ್ತು ಸಾವಿರ ಚಿಲ್ಲರೆಯನ್ನು ಸಣ್ಣದೆಂದು ತಳ್ಳುವಂತಿಲ್ಲ. ಮಗುವಿನ ಶಾಲೆಯ ಪುಸ್ತಕ, ಸಮವಸ್ತ್ರಗಳ ಖರ್ಚು ಅದರಲ್ಲಿ ನಡೆದುಹೋಗುತ್ತದೆ. ಆದರೆ ಮನೆಯವರೆಲ್ಲ ಮನಸ್ಸಿನಲ್ಲಿ ಕಲ್ಪಿಸಿಕೊಂಡಿದ್ದಷ್ಟು ದೊಡ್ಡ ಮೊತ್ತವೂ ಅದಲ್ಲ. ಸವೆದ ಎಂಜಿನನ್ನು ಒಮ್ಮೆ ಬಿಚ್ಚಿ ರಿಂಗು, ಬೇರಿಂಗುಗಳನ್ನು ಬದಲಾಯಿಸುವ ಪ್ರಸಂಗ ಬಂದರೆ ಹಲವು ವರ್ಷಗಳ ಉಳಿತಾಯ ಒಂದೇ ಬಿಲ್ಲಿನಲ್ಲಿ ಕರಗುತ್ತದೆ.

ಸೊಸೆಯ ಲೆಕ್ಕ ಅಲ್ಲಿಗೆ ನಿಲ್ಲಲಿಲ್ಲ. ಕಬ್ಬಿಣದ ಕಂಬ, ತಗಡು, ಕುರ್ಚಿ, ಮೇಜು, ಹಂಡೆಗಳೆಲ್ಲ ಸೇರಿ ದೊಡ್ಡ ಸಮಾರಂಭವೊಂದಕ್ಕೆ ಟನ್ನು ದಾಟುತ್ತದೆ. ಮುಕ್ಕಾಲು ಟನ್ನಿನ ಗಾಡಿಗೆ ಅದು ಎರಡು ಸರದಿಯ ಕೆಲಸ. ಅರ್ಧದಷ್ಟು ಓಡಾಟಕ್ಕೆ ಎರಡೆರಡು ಸರದಿ ಬೇಕೆಂದರೂ 600 ಕಿಲೋಮೀಟರ್ ಹೋಗಿ 900 ಆಗುತ್ತದೆ. ಆಗ ಲೀಟರಿಗೆ ಹದಿನೈದು ಕೊಟ್ಟರೂ 60 ಲೀಟರ್ ಬೇಕು, 5,400 ರೂಪಾಯಿ. ಕಡಿಮೆ ಕುಡಿಯುವ ಗಾಡಿಯೇ ತಿಂಗಳಿಗೆ 900 ರೂಪಾಯಿ ಹೆಚ್ಚು ಕುಡಿದಂತಾಯಿತು! ಎರಡು ಸರದಿ ತಪ್ಪಿಸಲು ಒಂದೇ ಸಲಕ್ಕೆ ಹೇರಿದರೆ ಸ್ಪ್ರಿಂಗು, ಕ್ಲಚ್ಚು, ಬ್ರೇಕುಗಳು ಅಕಾಲದಲ್ಲಿ ಮುದಿಯಾಗುತ್ತವೆ. ಕಾನೂನಿನ ದಂಡ ಬೇರೆ. ಆದುದರಿಂದ ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಕೇಳುವುದಕ್ಕಿಂತ, ಒಂದು ಕೆಲಸ ಮುಗಿಯಲು ಎಷ್ಟು ಲೀಟರ್ ಎಂದು ಕೇಳುವುದು ಮೇಲು.

ಇಷ್ಟು ಹೊತ್ತು ಸುಮ್ಮನಿದ್ದ ಅತ್ತೆ ಆಗ ಒಂದು ಮಾತು ಸೇರಿಸಿದರು. "ಹೋದ ವೈಶಾಖದಲ್ಲಿ ಬಾಡಿಗೆ ಗಾಡಿ ಹೆಬ್ಬಾಳದ ಹತ್ತಿರ ಕೆಟ್ಟು ನಿಂತದ್ದು ಮರೆತಿರಾ? ಧಾರೆಯ ಹೊತ್ತಿಗೆ ಚಪ್ಪರ ಏಳಲಿಲ್ಲ. ಆ ಹೆಣ್ಣಿನ ತಂದೆ ಒಂದು ಮಾತೂ ಬೈಯಲಿಲ್ಲ, ದುಡ್ಡೂ ಹಿಡಿಯಲಿಲ್ಲ. ಆದರೆ ಅವರ ಎರಡನೆಯ ಮಗಳ ಮದುವೆಗೆ ಚಪ್ಪರ ಹಾಕಿದವರು ಯಾರು?"

ಉತ್ತರ ಎಲ್ಲರಿಗೂ ಗೊತ್ತಿತ್ತು. ಎದುರು ಬೀದಿಯ ಅಂಗಡಿಯವರು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಇಂಥ ಸಂದರ್ಭಗಳಿಗಾಗಿಯೇ ಹುಟ್ಟಿದಂತಿದೆ. ಪುಟ್ಟ ಆನೆಗೂ ಅದು ಸಲ್ಲುತ್ತದೆ. ಗಾಡಿ ನಿಂತ ದಿನದ ನಷ್ಟವನ್ನು ಬರೆಯುವಾಗ ಜನ ರಿಪೇರಿಯ ಬಿಲ್ಲನ್ನಷ್ಟೇ ಬರೆಯುತ್ತಾರೆ. ಬದಲಿ ಗಾಡಿಯ ಬಾಡಿಗೆ, ಕೆಲಸವಿಲ್ಲದೆ ಕುಳಿತ ಆಳುಗಳ ಕೂಲಿ, ಎಳೆದು ತಂದ ಖರ್ಚು, ಇವನ್ನು ಬರೆಯುವವರು ವಿರಳ. ಕೈಬಿಟ್ಟುಹೋದ ಗಿರಾಕಿಯನ್ನಂತೂ ಯಾವ ಪುಸ್ತಕದಲ್ಲಿಯೂ ಯಾರೂ ಬರೆಯುವುದಿಲ್ಲ. ಮುಹೂರ್ತಕ್ಕೆ ಕಾಯುವ ಗುಣವಿಲ್ಲ. ಅದಕ್ಕೆ ಸಂಬಂಧಪಟ್ಟ ವ್ಯಾಪಾರದಲ್ಲಿ ನಂಬಿಕೆಯೇ ಮೂಲ ಬಂಡವಾಳ.

ಹಾಗೆಂದ ಮಾತ್ರಕ್ಕೆ ಎಲ್ಲರಿಗೂ ಇದೇ ತೀರ್ಪು ಹೊಂದುವುದಿಲ್ಲ. ಅದೇ ಬೀದಿಯಲ್ಲಿ ತರಕಾರಿ ವ್ಯಾಪಾರಿಯೊಬ್ಬನಿದ್ದಾನೆಂದು ಭಾವಿಸಿದರೆ ಚಿತ್ರ ಬೇರೆಯಾಗುತ್ತದೆ. ಅವನು ಬೆಳಗಿನ ಜಾವ ಚಿಕ್ಕಬಳ್ಳಾಪುರದ ಮಾರುಕಟ್ಟೆಗೆ ಹೋಗಿ ಬರುವವನು. ಸುತ್ತಮುತ್ತ ಹಂಚುವುದೂ ಸೇರಿ ದಿನಕ್ಕೆ 120 ಕಿಲೋಮೀಟರ್, ತಿಂಗಳಿಗೆ 3,600. ಅವನ ಲೆಕ್ಕದಲ್ಲಿ ಹನ್ನೆರಡರ ಗಾಡಿಗೆ 300 ಲೀಟರ್, 27,000 ರೂಪಾಯಿ; ಹದಿನೈದರ ಗಾಡಿಗೆ 240 ಲೀಟರ್, 21,600 ರೂಪಾಯಿ. ತಿಂಗಳಿಗೆ 5,400, ವರ್ಷಕ್ಕೆ 64,800 ರೂಪಾಯಿಯ ವ್ಯತ್ಯಾಸ! ಇಲ್ಲಿ ಮೈಲೇಜನ್ನು ಕಡೆಗಣಿಸುವುದು ದಡ್ಡತನ. ಆದರೆ ವರ್ಷಕ್ಕೆ 43,000 ಕಿಲೋಮೀಟರ್ ಓಡುವ ಗಾಡಿ ಸವೆಯುವುದೂ ಬೇಗ. ಆದುದರಿಂದ ಇಂಥವನು ಮೊದಲೇ ಸ್ವಲ್ಪ ಹೆಚ್ಚು ಹಣ ಹಾಕಿ, ವಯಸ್ಸಿನಲ್ಲಿ ಚಿಕ್ಕದಾದ, ಇಂಧನವನ್ನೂ ಉಳಿಸುವ ಗಾಡಿಯನ್ನು ತರುವುದು ಜಾಣತನ. ಕಾರ್ಖಾನೆಯಲ್ಲಿಯೇ ಸಿ.ಎನ್.ಜಿ. ಜೋಡಿಸಿದ ಗಾಡಿಯನ್ನೂ ಅವನು ವಿಚಾರಿಸಬಹುದು. ಆದರೆ ಅನಿಲದ ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷಿಸಿದ ಪ್ರಮಾಣಪತ್ರ ಇದೆಯೇ ಎಂದು ನೋಡಿಯೇ ಮುಂಗಡ ಕೊಡಬೇಕು.

ಮೈಲೇಜಿನ ಅಂಕಿಯಲ್ಲಿ ಕಣ್ಣುಕಟ್ಟೊಂದಿದೆ, ಅದನ್ನೂ ತಿಳಿದಿರಬೇಕು. ಎಂಟು ಕೊಡುವ ಗಾಡಿಯನ್ನು ಬಿಟ್ಟು ಹತ್ತು ಕೊಡುವುದನ್ನು ತಂದರೆ ಎರಡು ಕಿಲೋಮೀಟರಿನ ಲಾಭ. ಹದಿನೈದರದನ್ನು ಬಿಟ್ಟು ಹದಿನೆಂಟರದನ್ನು ತಂದರೆ ಮೂರರ ಲಾಭ. ಎರಡನೆಯದೇ ದೊಡ್ಡದೆಂದು ತೋರುತ್ತದೆ. ಆದರೆ ನೂರು ಕಿಲೋಮೀಟರಿಗೆ ಲೆಕ್ಕ ಹಾಕಿದರೆ ಮೊದಲನೆಯದರಲ್ಲಿ ಉಳಿಯುವುದು ಎರಡೂವರೆ ಲೀಟರ್. ಎರಡನೆಯದರಲ್ಲಿ ಸುಮಾರು ಒಂದು ಲೀಟರ್ ಮಾತ್ರ. ಯೂರೋಪಿನವರು ನೂರು ಕಿಲೋಮೀಟರಿಗೆ ಇಷ್ಟು ಲೀಟರ್ ಎಂದು ಅಳೆಯುವುದರಿಂದ ಅವರಿಗೆ ಈ ಭ್ರಮೆ ಇಲ್ಲ. ಮೇಲಾಗಿ, ಕಾರ್ಖಾನೆಯವರು ಹೇಳುವ ಅಂಕಿ ಪ್ರಯೋಗಶಾಲೆಯ ಅಂಕಿ. ಅಲ್ಲಿ ಹೆಬ್ಬಾಳದ ಮೇಲ್ಸೇತುವೆಯೂ ಇಲ್ಲ, ನಾಗವಾರದ ಸಿಗ್ನಲ್ಲೂ ಇಲ್ಲ.

ಇನ್ನು ಮುಖ್ಯವಾದ ವಿಚಾರ. ಎರಡು ಬೇರೆ ಬೇರೆ ಮಾದರಿಗಳನ್ನು ಹೋಲಿಸುವಾಗ ಮೈಲೇಜು ಮತ್ತು ನಂಬಿಕೆ ಎದುರಾಳಿಗಳಂತೆ ಕಾಣುತ್ತವೆ. ಆದರೆ ಒಂದೇ ಗಾಡಿಯೊಳಗೆ ಅವು ಒಡಹುಟ್ಟಿದವು. ನಾಜಲ್ ಕೆಟ್ಟಿದ್ದರೆ, ಏರ್ ಫಿಲ್ಟರ್ ಕಟ್ಟಿದ್ದರೆ, ರಿಂಗು ಸವೆದು ಕಂಪ್ರೆಷನ್ ಸೋರುತ್ತಿದ್ದರೆ, ಕ್ಲಚ್ಚು ಜಾರುತ್ತಿದ್ದರೆ, ಬ್ರೇಕು ಚಕ್ರವನ್ನು ಹಿಡಿದುಕೊಂಡೇ ಇದ್ದರೆ, ಇವೆಲ್ಲವೂ ಮೊದಲು ಡೀಸೆಲನ್ನು ತಿನ್ನುತ್ತವೆ, ಅನಂತರ ಗಾಡಿಯನ್ನು ನಿಲ್ಲಿಸುತ್ತವೆ. ತನ್ನ ಜಾತಿಯ ಗಾಡಿಗಳು ಹದಿನೈದು ಕೊಡುವಲ್ಲಿ ತಾನು ಹನ್ನೊಂದು ಮಾತ್ರ ಕೊಡುವ ಗಾಡಿ ಖರ್ಚಿನದಷ್ಟೇ ಅಲ್ಲ, ರೋಗದ್ದು. ಹೀಗೆ ನೋಡಿದರೆ ಮೈಲೇಜೆಂಬುದು ಗಾಡಿಯ ನಾಡಿ. ವೈದ್ಯನು ನಾಡಿ ಹಿಡಿಯುವುದು ಒಳಗಿನ ರೋಗ ತಿಳಿಯುವುದಕ್ಕೆ.

ನಾಡಿಯನ್ನು ತಾನೇ ಹಿಡಿದು ನೋಡಬೇಕು. ಮಾರುವವನ ಮಾತಿನಿಂದ ಅದು ಸಿಗದು. ಟ್ಯಾಂಕನ್ನು ಬಾಯಿಮಟ್ಟ ತುಂಬಿಸಿ, ಸ್ವಲ್ಪ ಹೊರೆ ಹಾಕಿ, ಬಾಗಲೂರಿನ ಕಡೆಗೋ ದೇವನಹಳ್ಳಿಯ ಕಡೆಗೋ ಐವತ್ತು ಅರವತ್ತು ಕಿಲೋಮೀಟರ್ ಓಡಿಸಿ ಬಂದು, ಅದೇ ಬಂಕಿನಲ್ಲಿ ಮತ್ತೆ ಬಾಯಿಮಟ್ಟ ತುಂಬಿಸಿದರೆ ಸತ್ಯ ಹೊರಬೀಳುತ್ತದೆ. ಆ ಡೀಸೆಲಿನ ಖರ್ಚನ್ನು ಕೊಳ್ಳುವವನೇ ಕೊಟ್ಟರೂ ನಷ್ಟವಿಲ್ಲ. ಇದಕ್ಕೆ ಒಪ್ಪದ ಮಾಲೀಕನ ಗಾಡಿಯನ್ನು ದೂರದಿಂದಲೇ ವಂದಿಸಿ ಬರುವುದು ಕ್ಷೇಮ.

ಗಾಡಿಯನ್ನು ನೋಡಲು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ಹೋಗಬೇಕು. ಹೋಗುವ ಹೊತ್ತಿಗೆ ಎಂಜಿನ್ ಬೆಚ್ಚಗಿದ್ದರೆ, ಅದನ್ನು ಎಬ್ಬಿಸಲು ಯಾರೋ ಕಷ್ಟಪಟ್ಟಿದ್ದಾರೆಂದು ಊಹಿಸಬಹುದು. ಹೊಗೆಯ ಬಣ್ಣ ನೋಡಬೇಕು: ನೀಲಿಯಾದರೆ ಎಂಜಿನ್ ಆಯಿಲ್ ಸುಡುತ್ತಿದೆ, ಬಿಡದೆ ಕಪ್ಪಗೆ ಬಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಬಿಸಿಯಾದ ಮೇಲೂ ದಟ್ಟವಾದ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರಿನ ನೀರು ಒಳಗೆ ಸೇರುತ್ತಿರಬಹುದು. ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದರೆ ಅಲ್ಲಿಂದ ಹೊಗೆ ಉಗುಳಬಾರದು. ಮೆಕ್ಯಾನಿಕ್ಕರು 'ಬ್ಯಾಕ್ ಕಂಪ್ರೆಷನ್' ಎನ್ನುವುದು ಇದನ್ನೇ. ಗಾಡಿಯ ಕೆಳಗೆ ಬಗ್ಗಿ ಚಾಸಿಯಲ್ಲಿ ವೆಲ್ಡಿಂಗಿನ ಗುರುತು ಇದೆಯೇ, ಸ್ಪ್ರಿಂಗಿನ ಪಟ್ಟಿಗಳು ಮುರಿದಿವೆಯೇ, ಟೈರು ಒಂದೇ ಬದಿಗೆ ಸವೆದಿದೆಯೇ ಎಂದು ನೋಡಬೇಕು. ಮೀಟರಿನಲ್ಲಿ ಕಿಲೋಮೀಟರ್ ಕಡಿಮೆ ಇದ್ದು, ಪೆಡಲಿನ ರಬ್ಬರು ನುಣ್ಣಗೆ ಸವೆದಿದ್ದರೆ ರಬ್ಬರಿನ ಮಾತನ್ನೇ ನಂಬುವುದು ಒಳ್ಳೆಯದು. ಪರಿಚಿತ ಮೆಕ್ಯಾನಿಕ್ಕೊಬ್ಬನಿಗೆ ಅರ್ಧ ದಿನದ ಕೂಲಿ ಕೊಟ್ಟು ಕರೆದುಕೊಂಡು ಹೋಗುವುದು, ಇಡೀ ವ್ಯವಹಾರದಲ್ಲಿ ಅತ್ಯಂತ ಅಗ್ಗವಾದ ಖರ್ಚು.

ಹೊಸ ಕಾಲದ ಗಾಡಿಗಳಿಗೆ ಸಂಬಂಧಿಸಿದ ಒಂದು ಎಚ್ಚರಿಕೆ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ, ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಸಾಮಾನ್ಯವಾಗಿ ಮಸಿಯನ್ನು ತಡೆಯುವ ಜರಡಿಯೊಂದನ್ನು ಜೋಡಿಸುತ್ತಾರೆ. ಊರಿನ ಗಾಳಿಗೆ ಇದು ಬಹಳ ಒಳ್ಳೆಯದು. ಜರಡಿಯಲ್ಲಿ ಕೂಡಿದ ಮಸಿ ಸುಟ್ಟುಹೋಗಬೇಕಾದರೆ ಹೊಗೆ ಚೆನ್ನಾಗಿ ಕಾಯಬೇಕು. ಅದಕ್ಕೆ ಆಗಾಗ ತಡೆಯಿಲ್ಲದ ಉದ್ದನೆಯ ಓಟ ಬೇಕು. ಚಿಕ್ಕಬಳ್ಳಾಪುರದ ತರಕಾರಿಯವನಿಗೆ ಅದು ದಿನವೂ ದೊರೆಯುತ್ತದೆ. ತಣಿಸಂದ್ರದಿಂದ ನಾಗವಾರಕ್ಕೆ ತೆವಳಿಕೊಂಡು ಹೋಗಿ ನಿಲ್ಲುವ ಶಾಮಿಯಾನದ ಗಾಡಿಗೆ ದೊರೆಯುವುದಿಲ್ಲ. ಅಂಥವನು ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ಗಾಡಿಯನ್ನು ಓಡಿಸದಿದ್ದರೆ, ಹೊಸ ಗಾಡಿಯೂ ಜರಡಿ ಕಟ್ಟಿ ನಿಂತೀತು. ಹೊಸದೆಲ್ಲ ನಂಬಿಕೆಯದು, ಹಳೆಯದೆಲ್ಲ ತೊಂದರೆಯದು ಎಂಬ ಸರಳ ಸೂತ್ರ ಇಲ್ಲಿ ನಡೆಯದು.

ಯಂತ್ರದ ನಂಬಿಕೆಯಷ್ಟೇ ಕಾಗದಪತ್ರಗಳ ನಂಬಿಕೆಯೂ ಮುಖ್ಯ. ಎಂಜಿನ್ ಚೆನ್ನಾಗಿದ್ದೂ ದಾಖಲೆ ಸರಿಯಿಲ್ಲದೆ ಠಾಣೆಯ ಮುಂದೆ ನಿಂತ ಗಾಡಿ, ಕೆಟ್ಟು ನಿಂತ ಗಾಡಿಗಿಂತ ಮೇಲೇನೂ ಅಲ್ಲ. ಸರಕು ಸಾಗಿಸುವ ಗಾಡಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿವರ್ಷವೂ ಅರ್ಹತಾ ಪತ್ರ, ಜನ 'ಎಫ್.ಸಿ.' ಎನ್ನುವುದು, ಆಗಬೇಕು. ಅದು ಎಂದು ಮುಗಿಯುತ್ತದೆಂದು ನೋಡಬೇಕು. ತೆರಿಗೆ, ವಿಮೆ, ಬಾಕಿ ದಂಡಗಳನ್ನು ಪರಿವಾಹನ್ ಜಾಲದಲ್ಲಿ ಗಾಡಿಯ ನಂಬರು ಹಾಕಿ ತಿಳಿಯಬಹುದು. ಸಾಲದ ಮೇಲೆ ಕೊಂಡ ಗಾಡಿಯಾಗಿದ್ದರೆ, ಸಾಲ ಕೊಟ್ಟವರು ಸಹಿ ಮಾಡಿದ 35ನೆಯ ನಮೂನೆಯೂ ನಿರಾಕ್ಷೇಪಣಾ ಪತ್ರವೂ ಕೈಗೆ ಬಾರದೆ ಪೂರ್ತಿ ಹಣ ಕೊಡುವುದು ಸಲ್ಲದು. ಹೆಸರು ಬದಲಾವಣೆಗೆ 29 ಮತ್ತು 30ನೆಯ ನಮೂನೆಗಳನ್ನು ಸಾರಿಗೆ ಕಚೇರಿಗೆ ತಡಮಾಡದೆ ಸಲ್ಲಿಸಬೇಕು; ವಿಮೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು 14 ದಿನಗಳೊಳಗೆ ಅರ್ಜಿ ಕೊಡಬೇಕು. "ಆಮೇಲೆ ಮಾಡಿಸೋಣ ಬಿಡಿ ಸ್ವಾಮಿ" ಎನ್ನುವ ಮಧ್ಯವರ್ತಿಯ ಸವಿಮಾತಿಗೆ ಮರುಳಾಗಿ, ಅಪಘಾತವಾದ ದಿನ ಪೇಚಿಗೆ ಸಿಕ್ಕಿಕೊಂಡವರ ಕಥೆಗಳಿಗೆ ಬರವಿಲ್ಲ.

ಕೊಳ್ಳುವ ಹಣವನ್ನೆಲ್ಲ ಗಾಡಿಯ ಬೆಲೆಗೇ ಸುರಿದುಬಿಡುವುದು ಇನ್ನೊಂದು ಸಾಮಾನ್ಯ ತಪ್ಪು. ಎಷ್ಟು ಪರೀಕ್ಷಿಸಿ ತಂದರೂ ಹಳೆಯ ಗಾಡಿ ಮೊದಲ ಆರು ತಿಂಗಳಲ್ಲಿ ಏನಾದರೊಂದನ್ನು ಕೇಳಿಯೇ ಕೇಳುತ್ತದೆ: ಬ್ಯಾಟರಿಯೋ, ಟೈರೋ, ಕ್ಲಚ್ ಪ್ಲೇಟೋ. ಕೈಯಲ್ಲಿರುವ ಹಣದ ಹತ್ತರಲ್ಲೊಂದು ಪಾಲನ್ನಾದರೂ ಎತ್ತಿಟ್ಟುಕೊಂಡು ಉಳಿದುದರಲ್ಲಿ ಗಾಡಿ ಹುಡುಕುವವನು, ಆ ಆರು ತಿಂಗಳನ್ನು ಸಾಲ ಮಾಡದೆ ದಾಟುತ್ತಾನೆ. ಆಯಿಲ್, ಫಿಲ್ಟರುಗಳನ್ನು ತಂದ ದಿನವೇ ಬದಲಾಯಿಸಿಬಿಡಬೇಕು. ಹಿಂದಿನವನು ಬದಲಾಯಿಸಿದ್ದನೇ ಎಂಬುದು ಎಂದೂ ಖಚಿತವಾಗದ ಪ್ರಶ್ನೆ.

ಗಾಡಿಯನ್ನು ನೋಡಲು ಹೊರಡುವ ಮುಂಚೆ ಒಂದು ಹಾಳೆಯ ಮೇಲೆ ಮೂರು ಸಾಲು ಬರೆದುಕೊಳ್ಳುವುದು ಒಳ್ಳೆಯದು. ತಿಂಗಳಿಗೆ ಎಷ್ಟು ದೂರ ಓಡಬೇಕು? ಒಂದು ಸಲಕ್ಕೆ ಎಷ್ಟು ತೂಕ ಹೊರಬೇಕು? ಒಂದು ದಿನ ಗಾಡಿ ನಿಂತರೆ ಯಾರ ಮುಂದೆ ಮುಖ ತೋರಿಸಲಾಗುವುದಿಲ್ಲ? ಮೊದಲ ಎರಡಕ್ಕೆ ಉತ್ತರ ಸಿಕ್ಕಿದರೆ ಮೈಲೇಜಿನ ನಿಜವಾದ ಬೆಲೆ ರೂಪಾಯಿಗಳಲ್ಲಿ ಗೊತ್ತಾಗುತ್ತದೆ. ಮೂರನೆಯದಕ್ಕೆ ಉತ್ತರ ಸಿಕ್ಕಿದರೆ ನಂಬಿಕೆಗೆ ಎಷ್ಟು ಕೊಡಬಹುದೆಂಬುದು ಗೊತ್ತಾಗುತ್ತದೆ. ಈ ಮೂರನ್ನೂ ಬಲ್ಲವರು ಸಾಮಾನ್ಯವಾಗಿ ಮನೆಯಲ್ಲೇ ಇರುತ್ತಾರೆ. ಲೆಕ್ಕದ ಪುಸ್ತಕವೂ ಅವರ ಬಳಿಯಲ್ಲಿಯೇ ಇರುತ್ತದೆ. ಮುಂಗಡ ಕೊಡುವ ಮೊದಲು ಅವರನ್ನು ಒಂದು ಮಾತು ಕೇಳಿದರೆ ಸಾಕು.